ದೊಡ್ಡ ಮೃಗಗಳ ಬೇಟೆಯಲ್ಲಿ ರೈಫಲ್ ಗುಂಡಿನ ಆಯ್ಕೆ

ಹಿತ್ತಾಳೆಯ ಕವಚ, ಕೇಪು, ಸಿಡಿಮದ್ದು ಮತ್ತು ಗುಂಡು ಇವು ನಾಲ್ಕೂ ಸೇರಿದರೆ ಒಂದು ತೋಟಾ ಆಗುತ್ತದೆ. ಆಡುಮಾತಿನಲ್ಲಿ ಇಡೀ ತೋಟಾವನ್ನೇ ಗುಂಡು ಎನ್ನುವ ರೂಢಿಯಿದ್ದರೂ ಮೃಗವನ್ನು ತಲುಪುವುದು ಗುಂಡು ಮಾತ್ರ. ಬೇಟೆಗಾರರು ರೈಫಲ್‌ನ ತಯಾರಕರ ಬಗ್ಗೆ ವಹಿಸುವ ಆಸ್ಥೆಯನ್ನು ಗುಂಡಿನ ಬಗ್ಗೆ ವಹಿಸುವುದು ವಿರಳ. ಸರಿಯಲ್ಲದ ಗುಂಡಿನಿಂದ ಮೃಗವು ಸಾಯದೆ ಗಾಯಗೊಂಡು ಕಾಡು ಸೇರುವ ಸಂಭವವಿರುವುದರಿಂದ ಈ ವಿಷಯವು ಗಮನಾರ್ಹವಾಗಿದೆ.

ಬೇಟೆಯ ಗುಂಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೃದುಮೂತಿಯ ಗುಂಡಿನ ತುದಿಯಲ್ಲಿ ಸೀಸವು ತೆರೆದಿದ್ದು, ದೇಹವನ್ನು ಹೊಕ್ಕೊಡನೆ ಅದು ಅಣಬೆಯಂತೆ ಅರಳಿ ಅಗಲವಾದ ಗಾಯವನ್ನು ಮಾಡುತ್ತದೆ. ಹುಲಿ, ಸಿಂಹ, ಜಿಂಕೆ ಮುಂತಾದ ತೆಳುಚರ್ಮದ ಪ್ರಾಣಿಗಳಿಗೆ ಇದು ತಕ್ಕುದು. ಘನ ಗುಂಡು ಅರಳುವುದಿಲ್ಲ. ಮೂಳೆಯನ್ನು ಭೇದಿಸಿ ನೇರವಾಗಿ ಸಾಗುತ್ತದೆ. ಆನೆ, ಘೇಂಡಾಮೃಗಗಳಿಗೆ ಇದೇ ಬೇಕು. ಆನೆಯ ತಲೆಗೆ ಮೃದುಮೂತಿಯ ಗುಂಡನ್ನು ಹಾರಿಸಿದರೆ ಅದು ಮಿದುಳನ್ನು ತಲುಪುವ ಮುನ್ನವೇ ಚದುರಿಹೋಗಬಹುದು.

ಭಾರವೊಂದನ್ನೇ ನೋಡಿ ಗುಂಡನ್ನು ಆರಿಸುವುದು ಸಾಲದು. 1904ರಲ್ಲಿ ಬಂದ .405 ವಿಂಚೆಸ್ಟರ್ ಮತ್ತು 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಎರಡಕ್ಕೂ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ ತೂಕದ ಗುಂಡು ಉಂಟು. ತೂಕ ಒಂದೇ ಆದರೂ .405ರ ಗುಂಡು ಹೆಚ್ಚು ದಪ್ಪ, ಕಡಿಮೆ ಉದ್ದ. ಆದ್ದರಿಂದ ಅದಕ್ಕೆ ಎದುರಾಗುವ ಪ್ರತಿರೋಧ ಅಧಿಕ, ಒಳಹೋಗುವ ಆಳ ಕಡಿಮೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರು ಹುಲಿ, ಚಿರತೆಗಳ ಬೇಟೆಯಲ್ಲಿ ನೆಚ್ಚಿಕೊಂಡಿದ್ದುದು .405 ವಿಂಚೆಸ್ಟರನ್ನೇ. ಅಂತಹ ಪ್ರಾಣಿಗಳಿಗೆ ಅದು ಯೋಗ್ಯವಾಗಿದ್ದರೂ ಆನೆಯ ಬೇಟೆಗೆ ಅದನ್ನು ಅನುಭವಿಗಳು ಒಪ್ಪಿದವರಲ್ಲ. ಆಫ್ರಿಕಾದ ಹಲವು ಪ್ರದೇಶಗಳಲ್ಲಿ ಅಪಾಯಕಾರಿ ಮೃಗಗಳಿಗೆ .375 ಅನ್ನೇ ಕನಿಷ್ಠ ಅಳತೆಯೆಂದು ಪರಿಗಣಿಸಲಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್ ಅವರು ಕೇವಲ 7 ಮಿ.ಮೀ. ರೈಫಲನ್ನು ಬಹಳವಾಗಿ ಬಳಸಿದರು. ಅವರದು ಉದ್ದನೆಯ ಘನ ಗುಂಡು. ಜೊತೆಗೆ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದ್ದರು. ಆ ಪರಿಶ್ರಮವಿಲ್ಲದವರು ಈ ಉದಾಹರಣೆಯನ್ನು ಮಾತ್ರ ಅನುಸರಿಸುವುದು ಅಪಾಯಕರ.

ಗುಂಡಿನ ಅಳತೆಯನ್ನು ಆಡಳಿತವೂ ನಿರ್ಧರಿಸಿದ್ದುಂಟು. 20ನೆಯ ಶತಮಾನದ ಮೊದಲ ದಶಕದಲ್ಲಿ, ಬಂಡುಕೋರರ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಮದ್ದುಗುಂಡು ದೊರೆಯಬಾರದೆಂದು ಬ್ರಿಟಿಷ್ ಭಾರತ ಸರ್ಕಾರವು .450 ಅಳತೆಯನ್ನು ನಿಷೇಧಿಸಿತು. ಇಂಗ್ಲೆಂಡಿನ ತಯಾರಕರು .465, .470, .475 ಅಳತೆಗಳನ್ನು ಹೊರತಂದದ್ದು ಇದರಿಂದಾಗಿಯೇ.

ಗಾಯಗೊಂಡ ಮೃಗದ ಪರಿಣಾಮಕ್ಕೆ ಚಂಪಾವತದ ಹೆಣ್ಣುಹುಲಿ ನಿದರ್ಶನ. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಕೊಂದಾಗ, ಹಿಂದೆಂದೋ ತಗುಲಿದ ಗುಂಡಿನಿಂದ ಅದರ ಬಲಬದಿಯ ಕೋರೆಹಲ್ಲುಗಳೆರಡೂ ಮುರಿದಿದ್ದುದು ಕಂಡುಬಂತು. ಸಹಜ ಬೇಟೆ ಸಾಧ್ಯವಾಗದೆ ನರಭಕ್ಷಕವಾಗಿದ್ದ ಅದರಿಂದ ಸತ್ತವರು 436 ಮಂದಿ ಎಂದು ಹೇಳಲಾಗಿದೆ. ಇಲ್ಲಿ ತಪ್ಪಿದ್ದು ಗುಂಡಿನ ಬಗೆಯೋ ಗುರಿಯೋ ಎಂಬುದು ಬೇರೆ ಮಾತು.

ಸೀಸದ ಗುಂಡು ಚೂರಾಗಿ ಮಾಂಸದಲ್ಲಿ ಉಳಿಯುತ್ತದೆ. ಅದನ್ನು ತಿಂದ ಕಾಂಡೋರ್ ರಣಹದ್ದುಗಳು ಸತ್ತ ಕಾರಣ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಬೇಟೆಗೆ ಸೀಸವನ್ನು ಪೂರ್ಣವಾಗಿ ನಿಷೇಧಿಸಿದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಬೇಟೆಯ ಪರವಾನಗಿ ಪಡೆದಲ್ಲಿ ತಾಮ್ರದ ಗುಂಡನ್ನೋ ಸೀಸರಹಿತವಾದ ಬೇರೆ ಗುಂಡನ್ನೋ ಬಳಸತಕ್ಕದ್ದು.

ಭಾರತದಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 9ನೇ ಪ್ರಕರಣವು ಬೇಟೆಯನ್ನು ನಿಷೇಧಿಸಿದ್ದು, ಮನುಷ್ಯರ ಪ್ರಾಣಕ್ಕೆ ಅಪಾಯ ಒದಗಿದಂತಹ ಸಂದರ್ಭಗಳಲ್ಲಿ 11ನೇ ಪ್ರಕರಣದನ್ವಯ ಅನುಮತಿ ಅಗತ್ಯ. ಹಿರಿಯರ ಕಾಲದ ರೈಫಲ್ ಅಥವಾ ತೋಟಾಗಳು ಮನೆಯಲ್ಲಿದ್ದು, ಅವುಗಳನ್ನು ಹೊಂದಿರುವುದು ಕಾನೂನುಬದ್ಧವಲ್ಲದಿದ್ದಲ್ಲಿ, ಆಯುಧ ಕಾಯ್ದೆ, 1959ರ 21ನೇ ಪ್ರಕರಣದಂತೆ ಸಮೀಪದ ಪೊಲೀಸ್ ಠಾಣಾಧಿಕಾರಿಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ವಿಳಂಬವಿಲ್ಲದೆ ಠೇವಣಿ ಇಡತಕ್ಕದ್ದು.