ಕ್ರೀಡಾಪಟುವಿನ ಆತ್ಮವಿಶ್ವಾಸ ಹಾಗೂ ಪ್ರೇಕ್ಷಕರ ಪ್ರಭಾವ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಅಂಗವಾಗಿ ನಡೆಯುವ ಬಯಲು ಜಂಗೀ ಕುಸ್ತಿಯನ್ನು ವೀಕ್ಷಿಸಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಗರಡಿಯಲ್ಲಿ ಸಮಬಲರೆನಿಸಿದ ಇಬ್ಬರು ಪೈಲ್ವಾನರ ಪೈಕಿ, ಹಲಗೆಯ ಸದ್ದು ಹಾಗೂ ಜನರ ಕೇಕೆಯ ನಡುವೆ ಒಬ್ಬನ ಪಟ್ಟು ಬಿಗಿಯಾಗುತ್ತದೆ, ಮತ್ತೊಬ್ಬನ ಕಾಲು ತಡವರಿಸುತ್ತದೆ. ಇದನ್ನು ಅದೃಷ್ಟವೆಂದು ಕೈಬಿಡುವುದು ಸರಿಯಲ್ಲ.

ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ ಅವರು 1965ರಲ್ಲಿ ಇದಕ್ಕೆ ವಿವರಣೆ ನೀಡಿದರು. ನೋಡುಗರ ಉಪಸ್ಥಿತಿಯು ವ್ಯಕ್ತಿಯನ್ನು ಉದ್ದೀಪನಗೊಳಿಸುತ್ತದೆ; ಆಗ ಆತನಿಗೆ ಅತ್ಯಂತ ರೂಢಿಯಾಗಿರುವ ಕ್ರಿಯೆಯೇ ಮೊದಲು ಹೊರಬರುತ್ತದೆ. ಆದುದರಿಂದ ನೂರಾರು ಬಾರಿ ಅಭ್ಯಾಸ ಮಾಡಿದ ಪಟ್ಟು ಜನರೆದುರು ಉತ್ತಮಗೊಳ್ಳುತ್ತದೆ. ಕಳೆದ ವಾರವಷ್ಟೇ ಕಲಿತದ್ದು ಕೆಡುತ್ತದೆ.

ಜನಬೆಂಬಲವೊಂದೇ ಗೆಲುವನ್ನು ತರುವುದಿಲ್ಲವೆಂಬುದಕ್ಕೆ ಕ್ರಿಕೆಟ್‌ನಲ್ಲಿಯೂ ನಿದರ್ಶನವಿದೆ. ಜನವರಿ 2010ರಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಕಿಕ್ಕಿರಿದ ತವರಿನ ಪ್ರೇಕ್ಷಕರಿದ್ದರು. ಮನೀಶ್ ಪಾಂಡೆ 144 ರನ್ ಗಳಿಸಿದರು. ಆದರೂ ಕರ್ನಾಟಕವು ಮುಂಬೈಗೆ 6 ರನ್‌ಗಳಿಂದ ಸೋತಿತು. ಆ ತಂಡದಲ್ಲಿದ್ದ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರು ಮಾರ್ಚ್ 2015ರಲ್ಲಿ ನಾಯಕರಾಗಿ ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ, ತವರಿನಿಂದ ದೂರದಲ್ಲಿ, ತಮಿಳುನಾಡಿನ ವಿರುದ್ಧ ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್ ಪಡೆದು ಅಜೇಯ 105 ರನ್ ಗಳಿಸಿದರು. ಕರ್ನಾಟಕವು ಇನಿಂಗ್ಸ್ ಹಾಗೂ 217 ರನ್‌ಗಳಿಂದ ಗೆದ್ದಿತು. ಎರಡೇ ಪಂದ್ಯಗಳಿಂದ ನಿಯಮ ರೂಪಿಸಲಾಗದು ಎಂಬುದೂ ನಿಜ.

ಹಾಗಾದರೆ ಆತ್ಮವಿಶ್ವಾಸದ ಮೂಲ ಯಾವುದು? ಆಲ್ಬರ್ಟ್ ಬಂಡೂರ ಅವರು 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು. ಅವುಗಳಲ್ಲಿ ಪ್ರಬಲವಾದುದು ಸ್ವತಃ ಸಾಧಿಸಿದ ಅನುಭವ. ಸಮಾನರ ಯಶಸ್ಸನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು ಹಾಗೂ ದೇಹಸ್ಥಿತಿಯ ಅರಿವು ಉಳಿದವು. ಪ್ರೇಕ್ಷಕರ ಕೂಗನ್ನು ಹೆಚ್ಚೆಂದರೆ ಪ್ರೋತ್ಸಾಹದ ಮಾತಿನೊಡನೆ ಸೇರಿಸಬಹುದು.

ಪ್ರೇಕ್ಷಕರ ಪ್ರಭಾವವು ತೀರ್ಪುಗಾರರ ಮೇಲೂ ಇರುತ್ತದೆ. 2020ರ ಕೋವಿಡ್ ಕಾಲದಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ನಡೆದ ಯೂರೋಪಿನ ಫುಟ್‌ಬಾಲ್ ಪಂದ್ಯಗಳಲ್ಲಿ, ಅತಿಥಿ ತಂಡಗಳಿಗೆ ಹೆಚ್ಚು ಹಳದಿ ಕಾರ್ಡ್ ತೋರಿಸುವ ಪ್ರವೃತ್ತಿ ತಗ್ಗಿದುದು ಕಂಡುಬಂದಿದೆ.

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ಮಾತ್ರ. ಆದರೂ ಅಲ್ಲಿಂದ ಬಂದು ಅಖಾಡಕ್ಕಿಳಿಯುವ ಬಾಲಕನಿಗೆ ಕೇಳಿಬರುವುದು ಎದುರಾಳಿಯ ಊರಿನವರ ಕೇಕೆ. ಆದಕಾರಣ ಉಸ್ತಾದರು ಹಾಗೂ ತರಬೇತುದಾರರು ಅಭ್ಯಾಸದ ಕೆಲವು ದಿನಗಳಲ್ಲಾದರೂ ಜನರನ್ನು ಸೇರಿಸಿ, ಸದ್ದುಗದ್ದಲದ ನಡುವೆಯೇ ಜೋಡಿ ಕಟ್ಟಿಸುವುದು ಸೂಕ್ತ. ಹೊಸ ಪಟ್ಟನ್ನು ಜಾತ್ರೆಯ ಕಣದಲ್ಲಿ ಮೊದಲಬಾರಿಗೆ ಪ್ರಯೋಗಿಸಲು ಒತ್ತಾಯಿಸಬಾರದು. ಪೋಷಕರು ಪಂದ್ಯ ನಡೆಯುತ್ತಿರುವಾಗ ಹೊರಗಿನಿಂದ ಸೂಚನೆಗಳನ್ನು ಕೂಗುವುದನ್ನು ಬಿಟ್ಟು, ಆ ಕೆಲಸವನ್ನು ಉಸ್ತಾದರಿಗೇ ವಹಿಸತಕ್ಕದ್ದು.