ಮೊದಲ ವಾಸನೆ ನಂಬಬೇಡಿ: ಮುಂಗೈ ಮೇಲೆ ಗಂಧದೆಣ್ಣೆಯ ಒಂದು ದಿನ

ರಾಜ್ಯೋತ್ಸವಕ್ಕೆ ನಮ್ಮ ಸಂಘದ ಮಳಿಗೆಯಲ್ಲಿ ಏನು ಮಾರೋದು ಅನ್ನೋ ಚರ್ಚೆ ಪ್ರತಿ ವರ್ಷ ಇದ್ದದ್ದೇ. ಬಾವುಟ, ಟೀ ಶರ್ಟ್, ಕೋಡುಬಳೆ ಎಲ್ಲ ಆಗಿದೆ. ಈ ಸಲ "ಗಂಧದ ನಾಡು ಅಂತ ಗಂಟಲು ಹರಿಯೋ ಹಾಗೆ ಕೂಗ್ತೀವಿ, ಗಂಧದೆಣ್ಣೆಯನ್ನೇ ಚಿಕ್ಕ ಬಾಟಲಿಗೆ ಹಾಕಿ ಮಾರೋಣ" ಅಂದಿದ್ದು ನಾನೇ. ನಾಲ್ಕು ಜನ ತಲಾ 1,200 ರೂಪಾಯಿ ಹಾಕಿದ್ವಿ. ಒಬ್ಬ ವ್ಯಾಪಾರಿ ಸಿಕ್ಕರು. "ಪ್ಯೂರ್ ಸ್ಯಾಂಡಲ್, 100 ಎಂಎಲ್‌ಗೆ 4,800" ಅಂದರು. ಸ್ಯಾಂಪಲ್ ಅಂತ ಬೆರಳುದ್ದದ ಬಾಟಲಿ ಕೊಟ್ಟರು. ಮುಚ್ಚಳ ತೆಗೆದು ಮೂಸಿದರೆ ಇಡೀ ಹಾಸ್ಟೆಲ್ ರೂಮು ಘಮ್ ಅಂತು. ನಾಲ್ಕೂ ಜನ ಅಲ್ಲೇ ಒಪ್ಪಿಬಿಟ್ಟಿದ್ವಿ. ದಸರಾ ರಜೆ ಇತ್ತು ಅನ್ನೋ ಒಂದೇ ಕಾರಣಕ್ಕೆ ದುಡ್ಡು ಕೊಡೋದು ಒಂದು ವಾರ ಮುಂದೆ ಹೋಯ್ತು.

ಆ ಒಂದು ವಾರದಲ್ಲಿ ಊರಲ್ಲಿ ಏನಾಯ್ತು, ಯಾಕೆ ಆಯ್ತು ಅನ್ನೋದೇ ಈ ಲೇಖನ. ನೀವೂ ಅತ್ತರೋ, ಪರ್ಫ್ಯೂಮೋ, ಎಸೆನ್ಷಿಯಲ್ ಆಯಿಲೋ ಕೊಳ್ಳೋಕೆ ಹೊರಟಿದ್ರೆ ಒಂದು ಸಲ ಓದಿ.

ಮೊದಲು ಮಾಡಿದ ತಪ್ಪು

ನಮ್ಮದು ಸಿದ್ದಾಪುರ ತಾಲೂಕಿನ ದೊಡ್ಮನೆ. ಸುತ್ತ ಅಡಿಕೆ ತೋಟ, ಅದರ ನಡುವೆ ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸು. ಪರಿಮಳ ನಮಗೇನು ಹೊಸದಲ್ಲ ಅನ್ನೋ ಧೈರ್ಯ ನನಗೆ. ಗಂಧದ ಸ್ಯಾಂಪಲ್ ಜೊತೆ ಹೋಲಿಸಿ ನೋಡೋಕೆ ಅಂತ ಏಲಕ್ಕಿ ಎಣ್ಣೆ, ಲಾವಂಚದ ಎಣ್ಣೆ, ದಾಲ್ಚಿನ್ನಿ ತೊಗಟೆಯ ಎಣ್ಣೆ ಮೂರನ್ನೂ ತರಿಸಿಕೊಂಡಿದ್ದೆ.

ಮೊದಲನೇ ದಿನವೇ ದಾಲ್ಚಿನ್ನಿ ಎಣ್ಣೆಯ ಒಂದು ಹನಿಯನ್ನ ಹಾಗೇ ಮಣಿಕಟ್ಟಿಗೆ ಹಚ್ಚಿದೆ. ಐದು ನಿಮಿಷಕ್ಕೆ ಮೆಣಸಿನಕಾಯಿ ಉಜ್ಜಿದ ಹಾಗೆ ಉರಿ. ಅರ್ಧ ಗಂಟೆಗೆ ಎಂಟಾಣೆ ಅಗಲದ ಕೆಂಪು ಕಲೆ. ನೀರು ಹಾಕಿದೆ, ಪ್ರಯೋಜನ ಆಗಲಿಲ್ಲ. ಎಣ್ಣೆ ನೀರಲ್ಲಿ ಕರಗಲ್ಲ ಅನ್ನೋದು ಆ ಉರಿಯಲ್ಲಿ ಮರೆತೇ ಹೋಗಿತ್ತು. ಆಯಿ ಬಂದು ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆದಳು. ಕಲೆ ಹೋಗೋಕೆ ನಾಲ್ಕು ದಿನ ಬೇಕಾಯ್ತು.

ದಾಲ್ಚಿನ್ನಿ ತೊಗಟೆಯ ಎಣ್ಣೆಯಲ್ಲಿ ಹೆಚ್ಚಿನ ಪಾಲು ಸಿನಮಾಲ್ಡಿಹೈಡ್. ಅದು ಚರ್ಮದ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳತ್ತೆ, ಉರಿ ಮಾಡತ್ತೆ, ಕೆಲವರಿಗೆ ಅಲರ್ಜಿಯನ್ನೂ ಹುಟ್ಟಿಸತ್ತೆ. ಒಂದು ಸಲ ಅಲರ್ಜಿ ಶುರುವಾದರೆ ಮುಂದೆ ಚೂರು ತಾಗಿದರೂ ಮೈ ನೆನಪಿಟ್ಟುಕೊಂಡಿರತ್ತೆ. "ನ್ಯಾಚುರಲ್" ಅಂದ ಮಾತ್ರಕ್ಕೆ ಸೌಮ್ಯ ಅಂತಲ್ಲ. ಚುರುಚುರು ಅನ್ನೋ ತುರಿಕೆ ಸೊಪ್ಪೂ ನ್ಯಾಚುರಲ್ಲೇ.

ಹಾಗಾಗಿ ಮೊದಲ ನಿಯಮ: ಯಾವ ಎಣ್ಣೆಯನ್ನೂ ನೇರ ಹಚ್ಚಬೇಡಿ. ಸಾಮಾನ್ಯವಾಗಿ ಶೇ 2ರಷ್ಟು ಸಾಕು. ಸುಮಾರು 20 ಹನಿಗೆ 1 ಎಂಎಲ್ ಅಂತ ಇಟ್ಟುಕೊಂಡರೆ, 10 ಎಂಎಲ್ ತೆಂಗಿನೆಣ್ಣೆಗೆ 4 ಹನಿ. ದಾಲ್ಚಿನ್ನಿ ತೊಗಟೆ ಎಣ್ಣೆಗೆ ಈ ಶೇ 2 ಕೂಡ ತುಂಬಾ ಜಾಸ್ತಿ, ಅದನ್ನ ಮೈಗೆ ಹಚ್ಚೋ ಆಸೆಯನ್ನೇ ಬಿಡೋದು ಒಳ್ಳೇದು. ನಿಂಬೆ ಜಾತಿಯ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೂ ಹೋಗಬೇಡಿ. ಅದರಲ್ಲಿರೋ ಕೆಲವು ರಾಸಾಯನಿಕ ಬಿಸಿಲಿನ ಜೊತೆ ಸೇರಿ ಚರ್ಮ ಸುಡತ್ತೆ. ಹೊಸ ಎಣ್ಣೆಯಾದರೆ ಬೆರೆಸಿದ ಮೇಲೂ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ಎರಡು ಮೂರು ದಿನ ಕಾಯಿರಿ. ಅಲರ್ಜಿ ತಕ್ಷಣ ಕಾಣಬೇಕು ಅಂತೇನಿಲ್ಲ.

ಒಂದು ಕೈ, ನಾಲ್ಕು ಚುಕ್ಕೆ

ಎರಡು ದಿನ ಬಿಟ್ಟು ಸರಿಯಾಗಿ ಶುರು ಮಾಡಿದೆ. ಪರಿಮಳದ ಸೋಪಿಲ್ಲದೆ ಸ್ನಾನ. ಬೆಳಿಗ್ಗೆ ಒಂಬತ್ತಕ್ಕೆ ಎಡ ಮುಂಗೈ ಮೇಲೆ ನಾಲ್ಕು ಬೆರಳು ಅಂತರ ಬಿಟ್ಟು ಪೆನ್ನಲ್ಲಿ ಗುರುತು ಹಾಕಿ, ಏಲಕ್ಕಿ, ಲಾವಂಚ, ವ್ಯಾಪಾರಿ ಕೊಟ್ಟ "ಗಂಧ" ಮೂರನ್ನೂ ಒಂದೇ ಪ್ರಮಾಣದಲ್ಲಿ ಬೆರೆಸಿ ಹಚ್ಚಿದೆ. ನಾಲ್ಕನೇದು ಬಲಗೈಗೆ: ದೇವರ ಮನೆಯ ಗಂಧದ ಕೊರಡನ್ನ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ. ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಇದೇ ನನ್ನ ಕಂಟ್ರೋಲ್.

ಅಮ್ಮಮ್ಮ ಜಗಲಿಯಲ್ಲಿ ಕೂತು ನೋಡ್ತಾ ಇದ್ದಳು. "ಎಂತ ಮಾಡ್ತಾ ಇದ್ಯೇ ಕೂಸೇ? ಕೈ ಸುಟ್ಕಂಡಿದ್ದು ಸಾಕಾಗ್ಲಿಲ್ಯ?"

ಸ್ಯಾಂಪಲ್ ಹಚ್ಚಿದ ಜಾಗ ತೋರಿಸಿ ಮೂಸು ಅಂದೆ. ಮೂಸಿದಳು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಈಗ ಎಂತದೂ ಹೇಳಡ. ಸಂಜೆ ಮೂಸಿ ನೋಡು" ಅಂದಳು, ಅಷ್ಟೇ.

ಏಲಕ್ಕಿ ಮೊದಲು ಕರ್ಪೂರದ ಹಾಗೆ ತಣ್ಣಗೆ ಮೂಗಿಗೆ ಏರಿತು. ಅರ್ಧ ಗಂಟೆಯಲ್ಲಿ ಆ ಚಳಿ ಹೋಗಿ ಪಾಯಸದ ಸಿಹಿ ಉಳೀತು. ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ. ಲಾವಂಚ ಒದ್ದೆ ಮಣ್ಣು, ಬೇರು, ಚೂರು ಹೊಗೆ ಅನ್ನೋ ಹಾಗೆ ಶುರುವಾಯ್ತು, ಸಂಜೆವರೆಗೂ ಕೂತೇ ಇತ್ತು, ಹೊತ್ತು ಹೋದ ಹಾಗೆ ಮೆತ್ತಗಾಯ್ತು. ವ್ಯಾಪಾರಿಯ "ಗಂಧ" ಒಂಬತ್ತು ಗಂಟೆಗೆ ಎಲ್ಲರನ್ನೂ ಸೋಲಿಸಿತು. ಹತ್ತಕ್ಕೆ ಊದಿನಕಡ್ಡಿ ಪ್ಯಾಕೆಟ್ಟಿನ ವಾಸನೆ. ಹನ್ನೆರಡಕ್ಕೆ ಮುಖದ ಪೌಡರ್. ಒಂದೂವರೆಗೆ ಬರೀ ಎಣ್ಣೆ ಜಿಡ್ಡು. ತೇಯ್ದ ಗಂಧ ಬೆಳಿಗ್ಗೆ ಹೆಚ್ಚೇನೂ ಮಾತಾಡಲಿಲ್ಲ, ಒದ್ದೆ ಮರದ ವಾಸನೆ ಅಷ್ಟೇ. ಸಂಜೆ ಆರಕ್ಕೆ ಕೈ ಮೂಗಿನ ಹತ್ತಿರ ತಂದರೆ, ಹಾಲು ಕಾಯಿಸಿದ ಹಾಗೆ ನವಿರಾಗಿ ಇನ್ನೂ ಇತ್ತು.

ಯಾಕೆ ಹೀಗೆ?

ಸಿದ್ದಾಪುರದ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಸ್ಸು ನಿಲ್ಲೋ ಮೊದಲೇ ಬಾಗಿಲ ಹತ್ತಿರದ ಹುಡುಗರು ಹಾರಿ ಇಳೀತಾರೆ. ಆಮೇಲೆ ಚೀಲ ಹಿಡಿದ ಹೆಂಗಸರು. ಕೊನೆಗೆ ಕೊಡೆ ಹುಡುಕಿ, ಕನ್ನಡಕ ಹುಡುಕಿ ಅಜ್ಜಂದಿರು. ಎಣ್ಣೆಯೊಳಗಿನ ಅಣುಗಳೂ ಹೀಗೇ ಇಳಿಯೋದು.

ಒಂದು ಸುಗಂಧ ತೈಲ ಅಂದರೆ ಹತ್ತಾರು, ಕೆಲವೊಮ್ಮೆ ನೂರಾರು ರಾಸಾಯನಿಕಗಳ ಮಿಶ್ರಣ. ಒಂದೊಂದರ ಆವಿಯ ಒತ್ತಡ ಬೇರೆ ಬೇರೆ. ಚರ್ಮದ ಮೇಲ್ಮೈ ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರೋ ಒಂದು ಚಿಕ್ಕ ಬಿಸಿ ತಟ್ಟೆ. ಏಲಕ್ಕಿಯ ತಣ್ಣನೆ ವಾಸನೆಗೆ ಕಾರಣವಾದ ಸಿನಿಯೋಲ್‌ಗೆ ಅಣುತೂಕ 154, ಕುದಿಯೋದು ಸುಮಾರು 176 ಡಿಗ್ರಿಗೆ. ಅದು ಬಾಗಿಲ ಹತ್ತಿರದ ಹುಡುಗ. ಏಲಕ್ಕಿಯ ಸಿಹಿಗೆ ಕಾರಣ ಟರ್ಪಿನೈಲ್ ಅಸಿಟೇಟ್, ತೂಕ 196, ಅದು ನಿಧಾನ. ಶ್ರೀಗಂಧದ ಜೀವ ಇರೋದು ಸ್ಯಾಂಟಲಾಲ್‌ನಲ್ಲಿ. 15 ಇಂಗಾಲದ ದೊಡ್ಡ ಅಣು, ತೂಕ 220, ಕುದಿಯೋದು 300 ಡಿಗ್ರಿ ಆಸುಪಾಸಿನಲ್ಲಿ. ಅದರಲ್ಲೂ ಅದು ಚರ್ಮದ ಜಿಡ್ಡಿಗೆ ಚೆನ್ನಾಗಿ ಅಂಟಿಕೊಳ್ಳತ್ತೆ. ಲಾವಂಚದ ಮುಖ್ಯ ಅಣುಗಳೂ ಹೆಚ್ಚುಕಮ್ಮಿ ಇದೇ ಗಾತ್ರದವು. ಅದಕ್ಕೇ ಎರಡೂ ಸಂಜೆವರೆಗೆ ಉಳಿದವು.

ಪರ್ಫ್ಯೂಮ್ ಮಾಡುವವರು ಟಾಪ್, ಹಾರ್ಟ್, ಬೇಸ್ ನೋಟ್ ಅಂತ ಕರೆಯೋದು ಇದನ್ನೇ. ಕನೌಜಿನ ಅತ್ತರ್ ಮಾಡುವವರು ಹೂವಿನ ಆವಿಯನ್ನ ಪರಂಪರೆಯಿಂದ ಗಂಧದೆಣ್ಣೆಗೇ ಇಳಿಸ್ತಾ ಬಂದಿದ್ದೂ ಇದಕ್ಕೇ. ಹಾರಿಹೋಗೋ ಹೂವಿನ ವಾಸನೆಯನ್ನ ಭಾರದ ಗಂಧದೆಣ್ಣೆ ಹಿಡಿದಿಟ್ಟುಕೊಳ್ಳತ್ತೆ. ಈಗ ಗಂಧದೆಣ್ಣೆ ದುಬಾರಿಯಾಗಿ ಎಷ್ಟೋ ಕಡೆ ಅದರ ಜಾಗಕ್ಕೆ ಅಗ್ಗದ ದ್ರಾವಕ ಬಂದಿದೆ.

ಜನರಿಂದ ಜನರಿಗೆ ವ್ಯತ್ಯಾಸವೂ ಇದೆ. ಎಣ್ಣೆ ಚರ್ಮದಲ್ಲಿ ಪರಿಮಳ ಹೆಚ್ಚು ಹೊತ್ತು ನಿಲ್ಲತ್ತೆ, ಒಣ ಚರ್ಮದಲ್ಲಿ ಬೇಗ ಹೋಗತ್ತೆ. ಕರ್ನಾಟಕದಲ್ಲೇ ಬೆಳೆಯೋ ದವನದ ಎಣ್ಣೆ ಒಬ್ಬೊಬ್ಬರ ಮೈ ಮೇಲೆ ಒಂದೊಂದು ಥರ ನಾರತ್ತೆ ಅನ್ನೋದು ಪರ್ಫ್ಯೂಮ್ ಲೋಕದಲ್ಲಿ ಹಳೇ ಮಾತು. ಗೆಳತಿಗೆ ಚೆಂದ ಅಂದಿದ್ದು ನಿಮಗೆ ಚೆಂದ ಆಗಲೇಬೇಕು ಅಂತಿಲ್ಲ.

ಇನ್ನೊಂದು, ಮೂಗಿನ ಮೋಸ. ಒಂದೇ ವಾಸನೆಯನ್ನ ಕೆಲವು ನಿಮಿಷ ಮೂಸಿದರೆ ಮೂಗು ಅದನ್ನ ಲೆಕ್ಕಕ್ಕೆ ತಗೊಳೋದು ಬಿಡತ್ತೆ. ಹಾಗಾಗಿ ನನ್ನ ಮೂಗೊಂದನ್ನೇ ನಂಬದೆ ಆಯಿ, ಅಪ್ಪನಿಗೂ ಯಾವುದು ಯಾವುದು ಅಂತ ಹೇಳದೆ ಮೂಸಿಸಿದೆ. ಮಧ್ಯಾಹ್ನದ ಮೇಲೆ ಇಬ್ಬರೂ ಮೂರನೇ ಚುಕ್ಕೆಗೆ "ಇಲ್ಲಿ ಎಂತದೂ ಇಲ್ಲೆ" ಅಂದರು. ಮಣಿಕಟ್ಟು ಒಂದಕ್ಕೊಂದು ಉಜ್ಜಿದರೆ ಅಣು ಒಡೆಯತ್ತೆ ಅನ್ನೋ ಮಾತು ಮಾತ್ರ ನಂಬಬೇಡಿ. ಬಿಸಿಯಾಗಿ, ಹರಡಿಕೊಂಡು ಹಗುರ ಅಣುಗಳು ಬೇಗ ಹಾರತ್ತವೆ, ಅಷ್ಟೇ.

ಬೀರುವಿನ ಬಾಟಲಿ

ಆದರೆ ನನ್ನ ಕಂಟ್ರೋಲ್‌ನಲ್ಲಿ ಒಂದು ದೋಷ ಇತ್ತು. ತೇಯ್ದ ಗಂಧದಲ್ಲಿ ಎಣ್ಣೆ ಮರದ ಪುಡಿಯೊಳಗೇ ಇರೋದರಿಂದ ನಿಧಾನಕ್ಕೆ ಹೊರಗೆ ಬರತ್ತೆ. ಎಣ್ಣೆಯನ್ನ ಎಣ್ಣೆ ಜೊತೆಗೇ ಹೋಲಿಸಬೇಕು. ಇದನ್ನ ಹೇಳಿದಾಗ ಅಮ್ಮಮ್ಮ ಒಳಗೆ ಹೋಗಿ ಬೀರುವಿನ ರೇಷ್ಮೆ ಸೀರೆ ನಡುವಿಂದ ಒಂದು ಪುಟ್ಟ ಬಾಟಲಿ ತಂದಳು. ಮಾವ ಎಷ್ಟೋ ವರ್ಷದ ಹಿಂದೆ ಮೈಸೂರಿನ ಸರ್ಕಾರಿ ಅಂಗಡಿಯಿಂದ ತಂದುಕೊಟ್ಟಿದ್ದಂತೆ. ಮುಕ್ಕಾಲು ಭಾಗ ಹಾಗೇ ಇತ್ತು.

ಮಾರನೇ ದಿನ ಅದನ್ನ ಹಚ್ಚಿದೆ. ಮೊದಲ ಐದು ನಿಮಿಷ ಹೆಚ್ಚೇನೂ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಮೂಸಿದ್ದರೆ "ಇದು ಡಲ್ಲು" ಅಂತ ಕೆಳಗಿಟ್ಟು ಬರ್ತಿದ್ದೆ. ಅರ್ಧ ಗಂಟೆಗೆ ಬಿಚ್ಚಿಕೊಳ್ತು. ಮಧ್ಯಾಹ್ನ ಇತ್ತು, ರಾತ್ರಿ ಇತ್ತು. ಮರುದಿನ ಬೆಳಿಗ್ಗೆ ಅಂಗಿಯ ತೋಳಲ್ಲೂ ಇತ್ತು.

ಈ ಎಣ್ಣೆ ದುಬಾರಿ ಯಾಕೆ ಅನ್ನೋದಕ್ಕೂ ಅದೇ ಭಾರದ ಅಣು ಒಂದು ಕಾರಣ. ಅದನ್ನ ಆವಿಯಲ್ಲಿ ಹೊರಗೆ ಎಳೆಯೋಕೆ ಗಂಟೆಗಳಲ್ಲ, ದಿನಗಳೇ ಬೇಕು. ಅದಕ್ಕೂ ಮೊದಲು ಮರದ ತಿರುಳಲ್ಲಿ ಎಣ್ಣೆ ತುಂಬೋಕೆ ದಶಕಗಳು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸೋ ಪ್ರಯೋಗ ಮಾಡಿದರು, 1916ರಲ್ಲಿ ಮೈಸೂರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಎಂಜಿನಿಯರಿಂಗ್ ಓದೋ ನಾವು ಹೆಮ್ಮೆ ಪಡಬೇಕಾದ ಕಥೆ ಇದು. ಇವತ್ತು ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷಗಟ್ಟಲೆ ಬೆಲೆ. ನಮ್ಮ ವ್ಯಾಪಾರಿಯ ಲೆಕ್ಕದಲ್ಲಿ ಲೀಟರಿಗೆ 48,000. ಈ ಭಾಗಾಕಾರವನ್ನ ಹಾಸ್ಟೆಲಲ್ಲೇ ಮಾಡಬಹುದಿತ್ತು. ಪರಿಮಳಕ್ಕೆ ಮಂಕಾಗಿ ಮಾಡಲಿಲ್ಲ.

ಚರ್ಮ ಹೇಳದೇ ಇರೋದು

ಇಷ್ಟಾದರೂ ಚರ್ಮದ ಪರೀಕ್ಷೆಯೇ ಕೊನೇ ಮಾತಲ್ಲ. ಬೇಗ ಹಾರಿಹೋಗೋ ಕಲಬೆರಕೆ ಅದರಲ್ಲಿ ಸಿಕ್ಕಿಬೀಳತ್ತೆ. ಆದರೆ ಗಂಧದ ಹಾಗೇ ನಾರೋ, ದಿನಗಟ್ಟಲೆ ನಿಲ್ಲೋ ಕೃತಕ ರಾಸಾಯನಿಕಗಳೂ ಇವೆ. ಅವನ್ನ ಮೂಗು ಹಿಡಿಯೋದು ಕಷ್ಟ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿಯೇ ಬೇಕು. ಭಾರತೀಯ ಶ್ರೀಗಂಧದೆಣ್ಣೆಗೆ ಐಎಸ್‌ಒ 3518 ಅನ್ನೋ ಮಾನಕ ಇದೆ: ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24. ಕಾಗದದ ಮೇಲೆ ಹನಿ ಹಾಕಿ ಕಲೆ ಉಳಿದರೆ ನಕಲಿ ಅನ್ನೋ ಉಪಾಯವೂ ಇಲ್ಲಿ ಕೈ ಕೊಡತ್ತೆ. ಅಸಲಿ ಗಂಧದೆಣ್ಣೆಯೇ ಎಷ್ಟು ನಿಧಾನಕ್ಕೆ ಆವಿಯಾಗತ್ತೆ ಅಂದರೆ ಅದೂ ಕಲೆ ಉಳಿಸತ್ತೆ.

ರಜೆ ಮುಗಿಸಿ ಬಂದು ವ್ಯಾಪಾರಿಗೆ ಫೋನ್ ಮಾಡಿ ಜಿಸಿ ರಿಪೋರ್ಟ್ ಕೇಳಿದೆ. ರಿಪೋರ್ಟ್ ಮಾತೇ ಎತ್ತದೆ ರೇಟು ಸಾವಿರ ಕಮ್ಮಿ ಮಾಡ್ತೀನಿ ಅಂದರು. ಅಲ್ಲಿಗೆ ಮಾತು ಮುಗೀತು. ನಾಲ್ಕೂ ಜನರ 1,200 ವಾಪಸ್ ಆಯ್ತು. ಕೈ ಸುಟ್ಟುಕೊಂಡ ನಾನು ಇನ್ನೊಬ್ಬರ ಮೈಗೆ ಹಚ್ಚೋ ವಸ್ತುವನ್ನ "ಪ್ಯೂರ್" ಅಂತ ಚೀಟಿ ಅಂಟಿಸಿ ಮಾರೋಕೆ ಹೊರಟಿದ್ದೆ ಅನ್ನೋದು ಈಗಲೂ ಮುಜುಗರ.

ಮಳಿಗೆಯಲ್ಲಿ ಕೊನೆಗೆ ಇಟ್ಟಿದ್ದು ಊರಿಂದ ತಂದ ಏಲಕ್ಕಿ ಪ್ಯಾಕೆಟ್ಟು, ಲಾವಂಚದ ಬೇರಿನ ಕಟ್ಟು. ಸಂಜೆಯೊಳಗೆ ಖಾಲಿ.

ಇನ್ನು ನೀವು ಅಂಗಡಿಗೆ ಹೋದರೆ ಇಷ್ಟು ಮಾಡಿ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ನೋಡಬೇಡಿ. ಬೆರೆಸಿದ್ದನ್ನೇ ಹಚ್ಚಿಸಿಕೊಳ್ಳಿ. ಹಚ್ಚಿಸಿಕೊಂಡು ಹೊರಗೆ ಬನ್ನಿ, ಕ್ಲಾಸಿಗೆ ಹೋಗಿ, ಕ್ಯಾಂಟೀನಲ್ಲಿ ಕೂತು ಬನ್ನಿ. ಸಂಜೆ ಮುಂಗೈ ಮೂಸಿ, ಸಾಧ್ಯವಾದರೆ ಇನ್ನೊಬ್ಬರಿಗೂ ಮೂಸಿಸಿ. ಆಗಲೂ ಬೇಕು ಅನ್ನಿಸಿದರೆ ನಾಳೆ ಹೋಗಿ ಕೊಳ್ಳಿ. ಅಂಗಡಿ ಎಲ್ಲೂ ಓಡಿಹೋಗಲ್ಲ.

ಅಮ್ಮಮ್ಮನ ಬಾಟಲಿ ಮತ್ತೆ ಸೀರೆ ನಡುವೆ ಸೇರಿದೆ, ಒಂದು ಹನಿ ಕಮ್ಮಿಯಾಗಿ.