ಕರುಳಿನ ಜೋಡಣೆ ಸೋರಿದಾಗ

ಕರುಳಿನಲ್ಲಿ ಗಡ್ಡೆ ಬೆಳೆದಾಗ, ಕರುಳು ತಿರುಚಿಕೊಂಡು ಕೊಳೆತಾಗ ಅಥವಾ ಕ್ಷಯರೋಗದಿಂದ ಅದರ ದಾರಿ ಮುಚ್ಚಿಹೋದಾಗ, ಶಸ್ತ್ರವೈದ್ಯರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಎಲ್ಲವೂ ಸುಸೂತ್ರವಾಗಿ ಮುಗಿಯಿತೆಂದು ಮನೆಯವರು ಸಮಾಧಾನ ತಾಳಿದ ಕೆಲವೇ ದಿನಗಳಲ್ಲಿ, ಕೆಲವರಲ್ಲಿ ಆ ಜೋಡಣೆ ಸೋರತೊಡಗುತ್ತದೆ. “ಮತ್ತೊಮ್ಮೆ ಹೊಟ್ಟೆ ತೆರೆಯಬೇಕು, ಮಲಕ್ಕೆ ಚೀಲ ಕಟ್ಟಬೇಕು” ಎಂದು ವೈದ್ಯರು ಹೇಳಿದಾಗ ಮನೆಮಂದಿಗೆ ದಿಕ್ಕೇ ತೋಚದಂತಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಲು ಹಿಂಜರಿಯುತ್ತ ಕಳೆಯುವ ಗಂಟೆಗಳು ರೋಗಿಯ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಈ ಸಂಗತಿಯನ್ನು ಕುಟುಂಬದವರು ಮೊದಲೇ ಅರಿತಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಕರುಳಿನ ಹೊರಪದರಗಳು ಒಂದಕ್ಕೊಂದು ತಾಗುವಂತೆ ಹೊಲಿದರೆ ಜೋಡಣೆ ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಶಸ್ತ್ರವೈದ್ಯ ಲೆಂಬರ್ಟ್ 1826ರಲ್ಲಿ ತೋರಿಸಿಕೊಟ್ಟರು. ಈಗ ಸ್ಟೇಪ್ಲರ್ ಯಂತ್ರಗಳೂ ಬಂದಿವೆ. ಆದರೆ ದಾರವಾಗಲಿ ಪಿನ್ನಾಗಲಿ ಮೊದಲ ಕೆಲವು ದಿನ ಮಾತ್ರ ತುದಿಗಳನ್ನು ಹಿಡಿದಿಡಬಲ್ಲವು. ಅನಂತರ ಬೆಸೆದುಕೊಳ್ಳಬೇಕಾದುದು ಜೀವವಿರುವ ಕರುಳೇ. ಅದಕ್ಕೆ ಸಾಕಷ್ಟು ರಕ್ತ ಹರಿಯಬೇಕು, ದೇಹದಲ್ಲಿ ಪೋಷಣೆಯಿರಬೇಕು. ಧೂಮಪಾನಿಗಳಲ್ಲಿ, ಸೊರಗಿದವರಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ, ತುರ್ತಾಗಿ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಸೋರಿಕೆಯ ಅಪಾಯ ಹೆಚ್ಚು. ಗುದದ್ವಾರಕ್ಕೆ ಸಮೀಪವಾದಷ್ಟೂ ಜೋಡಣೆ ಸೋರುವ ಸಂಭವ ಅಧಿಕ. ನುರಿತ ಕೈಗಳಲ್ಲಿಯೂ ಇದು ಘಟಿಸುವುದುಂಟು. ಆದುದರಿಂದ ಸೋರಿಕೆಯಾದೊಡನೆ ವೈದ್ಯರದೇ ತಪ್ಪೆಂದು ತೀರ್ಮಾನಿಸಲಾಗದು.

ಸಾಮಾನ್ಯವಾಗಿ ಮೊದಲ ಒಂದು ವಾರದಲ್ಲಿ, ಕೆಲವೊಮ್ಮೆ ಮನೆಗೆ ಮರಳಿದ ಮೇಲೆ, ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಇಳಿಯಬೇಕಾದ ಹೊಟ್ಟೆನೋವು ಏರುತ್ತದೆ, ಜ್ವರ ಬರುತ್ತದೆ, ನಾಡಿ ವೇಗವಾಗಿ ಬಡಿಯುತ್ತದೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ, ಹೊಟ್ಟೆಗೆ ಇಟ್ಟ ನಳಿಕೆಯಲ್ಲಿ ಮಲದ ಬಣ್ಣದ ದ್ರವ ಬರುತ್ತದೆ. ವಯಸ್ಸಾದವರು ಬರಿಯ ಗೊಂದಲದಿಂದ ಮಾತನಾಡಲೂಬಹುದು. “ಶಸ್ತ್ರಕ್ರಿಯೆಯಾದ ಮೇಲೆ ಇದೆಲ್ಲ ಸಹಜ” ಎಂದು ಸುಮ್ಮನಿರದೆ ತಕ್ಷಣ ವೈದ್ಯರಿಗೆ ತಿಳಿಸತಕ್ಕದ್ದು. ರಕ್ತಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್ ಮೂಲಕ ಸೋರಿಕೆಯನ್ನು ಪತ್ತೆಹಚ್ಚುತ್ತಾರೆ.

ಚಿಕಿತ್ಸೆ ಎಲ್ಲರಿಗೂ ಒಂದೇ ಅಲ್ಲ. ಸೋರಿಕೆ ಚಿಕ್ಕದಾಗಿದ್ದು ರೋಗಿ ಸ್ಥಿರವಾಗಿದ್ದರೆ, ಬಾಯಿಂದ ಆಹಾರ ನಿಲ್ಲಿಸಿ, ಆಂಟಿಬಯಾಟಿಕ್ ಔಷಧಿಗಳನ್ನೂ ದ್ರವವನ್ನೂ ರಕ್ತನಾಳದ ಮೂಲಕ ಕೊಡುತ್ತಾರೆ. ಕೀವು ಒಂದೆಡೆ ಕೂಡಿಕೊಂಡಿದ್ದರೆ, ಸ್ಕ್ಯಾನ್ ನೋಡುತ್ತ ಚರ್ಮದ ಮೂಲಕ ನಳಿಕೆ ತೂರಿಸಿ ಅದನ್ನು ಹೊರತೆಗೆಯುತ್ತಾರೆ. ಗುದನಾಳದ ಜೋಡಣೆಯಾದರೆ, ಎಂಡೋಸ್ಕೋಪ್ ಮೂಲಕ ಸ್ಪಂಜನ್ನಿರಿಸಿ ಕೀವನ್ನು ಹೀರುವ ವಿಧಾನವೂ ಕೆಲವೆಡೆ ಉಂಟು. ಆ ಸ್ಪಂಜನ್ನು ಕೆಲವು ದಿನಗಳಿಗೊಮ್ಮೆ ಬದಲಿಸುತ್ತಾರೆ. ಈ ಅವಧಿಯಲ್ಲಿ ವೈದ್ಯರನ್ನು ಕೇಳದೆ ಪ್ರೀತಿಯಿಂದ ಒಂದು ಲೋಟ ಗಂಜಿಯನ್ನೋ ಎಳನೀರನ್ನೋ ಕುಡಿಸುವುದು ಹಿತವಲ್ಲ.

ಮಲ ಹೊಟ್ಟೆಯೆಲ್ಲ ಹರಡಿ ನಂಜೇರಿದ್ದರೆ ಮಾತ್ರ ತಡಮಾಡುವಂತಿಲ್ಲ. ಹೊಟ್ಟೆಯನ್ನು ತೆರೆದು ತೊಳೆದು, ಜೋಡಣೆಯನ್ನು ಬಿಡಿಸಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದಿರಿಸುತ್ತಾರೆ; ಅಥವಾ ಜೋಡಣೆಯನ್ನು ಉಳಿಸಿಕೊಂಡು, ಅದಕ್ಕಿಂತ ಮೇಲಿನ ಕರುಳಿನಿಂದ ಮಲ ಹೊರಹೋಗುವ ದಾರಿ ಮಾಡುತ್ತಾರೆ. ಇದನ್ನೇ ಸ್ಟೋಮಾ ಎನ್ನುವುದು. ಇದರ ಮೇಲೆ ಅಂಟಿಸುವ ಚೀಲವನ್ನು ಕಂಡು ನಾಚುವವರೂ ಹೇಸುವವರೂ ಇದ್ದಾರೆ. ಆದರೆ ಮಲವನ್ನು ಬೇರೆಡೆಗೆ ತಿರುಗಿಸುವ ದಾರಿಯು ಎಷ್ಟು ಉಪಕಾರಿ ಎಂಬುದಕ್ಕೆ ಸ್ವೀಡನ್ನಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಾಕ್ಷಿ. ಗುದನಾಳದ ಕೆಳಭಾಗದಲ್ಲಿ ಜೋಡಣೆಯಾದ 234 ರೋಗಿಗಳ ಪೈಕಿ, ಮೊದಲ ಶಸ್ತ್ರಕ್ರಿಯೆಯಲ್ಲಿಯೇ ತಾತ್ಕಾಲಿಕ ಸ್ಟೋಮಾ ಮಾಡಿದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಮಾಡದವರಲ್ಲಿ ನೂರಕ್ಕೆ 28 ಮಂದಿಗೆ ಲಕ್ಷಣಗಳುಳ್ಳ ಸೋರಿಕೆಯಾಗಿತ್ತು.

ಬಹಳಷ್ಟು ರೋಗಿಗಳಲ್ಲಿ ಕೆಲವು ತಿಂಗಳ ಬಳಿಕ ಇನ್ನೊಂದು ಶಸ್ತ್ರಕ್ರಿಯೆಯಿಂದ ಈ ದಾರಿಯನ್ನು ಮುಚ್ಚಿ, ಕರುಳನ್ನು ಮೊದಲಿನಂತೆ ಜೋಡಿಸಲಾಗುತ್ತದೆ. ಕೆಲವರಿಗೆ ಅದು ಶಾಶ್ವತವಾಗಿ ಉಳಿಯುವುದೂ ಉಂಟು. ಅಂಥವರೂ ಉಡುಪಿನೊಳಗೆ ಚೀಲ ಧರಿಸಿ ಹೊಲಮನೆ, ಕಚೇರಿ, ಮದುವೆ ಮುಂಜಿಗಳಲ್ಲಿ ಎಲ್ಲರಂತೆ ಓಡಾಡುತ್ತಾರೆ. ಅವರನ್ನು ಪಂಕ್ತಿಯಿಂದ ದೂರ ಕೂರಿಸುವುದು ರೋಗಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಶಸ್ತ್ರಕ್ರಿಯೆ ಗೊತ್ತಾದೊಡನೆ ಬೀಡಿ ಸಿಗರೇಟುಗಳನ್ನು ಬಿಡಿಸಬೇಕು. ಸಮಯವಿದ್ದರೆ ವೈದ್ಯರು ಹೇಳಿದ ಪುಷ್ಟಿಕರ ಆಹಾರ ಕೊಡಬೇಕು. ಜೋಡಣೆ ಎಲ್ಲಿ, ಸೋರಿಕೆಯ ಸಂಭವವೆಷ್ಟು, ಚೀಲ ಬೇಕಾದೀತೇ ಎಂದು ಮೊದಲೇ ಕೇಳಿಕೊಳ್ಳಬೇಕು. ಹಾಗೆ ಮನಸ್ಸನ್ನು ಸಿದ್ಧಗೊಳಿಸಿಕೊಂಡ ಮನೆಯವರು, ಒಪ್ಪಿಗೆ ಕೊಡಬೇಕಾದ ಆ ಕಠಿಣ ಘಳಿಗೆಯಲ್ಲಿ ತಡವರಿಸುವುದಿಲ್ಲ.